ಸಹಾಯ ಬೇಕು: ಅಪ್ಪನ ಕುತ್ತಿಗೆ ಆಪರೇಷನ್, ಮುಂದಿನಿಂದಲೋ ಹಿಂದಿನಿಂದಲೋ?

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರು ಕಡೆಯವರು. ಅಪ್ಪನಿಗೆ 62 ವರ್ಷ, ಭತ್ತದ ಗದ್ದೆ ಕೆಲಸ. ಈಗೀಗ ಅಂಗಿ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ. ರೊಟ್ಟಿ ಮುರಿಯುವಾಗ ಬೆರಳು ಜೋಮು ಹಿಡಿಯುತ್ತವೆ, ಬದುವಿನ ಮೇಲೆ ಕಾಲು ತಡವರಿಸುತ್ತವೆ. ನೋವು ಅಷ್ಟೇನೂ ಇಲ್ಲ, ಮತ್ತೆ ಆಪರೇಷನ್ ಯಾಕೆ ಅಂತ ಅವರ ವಾದ!

ಎಂಆರ್‌ಐನಲ್ಲಿ ಸಿ4ರಿಂದ ಸಿ6ವರೆಗೆ (ಕುತ್ತಿಗೆಯ 4ನೇ ಮೂಳೆಯಿಂದ 6ನೇ ಮೂಳೆವರೆಗೆ) ಬೆನ್ನುಹುರಿ ಒತ್ತಿಕೊಂಡಿದೆ. ಒಬ್ಬ ಡಾಕ್ಟರು ಕುತ್ತಿಗೆ ಮುಂದಿನಿಂದ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ತೆಗೆದು ಪ್ಲೇಟ್ ಹಾಕೋಣ ಅಂದರು. ಇನ್ನೊಬ್ಬರು ಹಿಂದಿನಿಂದ ಮೂಳೆ ಬಿಡಿಸಿ ಜಾಗ ಮಾಡೋಣ ಅಂದರು. ಮುಂದಿನಿಂದಾದರೆ ಕೆಲವು ದಿನ ನುಂಗೋದು ಕಷ್ಟ, ದನಿ ಒಡೆಯಬಹುದಂತೆ. ಹಿಂದಿನಿಂದಾದರೆ ಕುತ್ತಿಗೆ ನೋವು ಜಾಸ್ತಿ, ಒಮ್ಮೊಮ್ಮೆ ತೋಳು ಎತ್ತಲು ಆಗದಿರಬಹುದಂತೆ. ಹೋದ ಶಕ್ತಿ ಪೂರ್ತಿ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ, ಇನ್ನೂ ಹದಗೆಡದಂತೆ ತಡೆಯೋದೇ ಮುಖ್ಯ ಅಂತ ಇಬ್ಬರೂ ಹೇಳಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದೆಯಾ? ಕೈ ಎಷ್ಟು ಸುಧಾರಿಸಿತು? ಬಳ್ಳಾರಿಯಲ್ಲೇ ಮಾಡಿಸಬಹುದಾ, ಬೆಂಗಳೂರು ನಿಮ್ಹಾನ್ಸ್‌ಗೇ ಹೋಗಬೇಕಾ? ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್‌ಗೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ರೆಫರಲ್ ಬರೆಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ಎಣ್ಣೆ ತಿಕ್ಕಿಸಿ, ಕುತ್ತಿಗೆ ತಿರುವಿಸಿ ಅನ್ನೋ ಸಲಹೆ ಮಾತ್ರ ಬೇಡ, ಡಾಕ್ಟರು ಖಡಾಖಂಡಿತ ಬೇಡ ಅಂದಿದ್ದಾರೆ.