ಎಫೆಸಸ್‌ನ ಪಾದ ಮತ್ತು ನಮ್ಮ ಮನೆಯ ಗುಂಪು

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಟರ್ಕಿಯ ಎಫೆಸಸ್ ಅನ್ನುವ ಪುರಾತನ ಗ್ರೀಕ್ ಊರಿನ ಅವಶೇಷಗಳಲ್ಲಿ ಗೈಡ್ ಜೊತೆ ಒಂದು ದಿನ ಸುತ್ತಿದ ಯಾರೋ ಬರೆದದ್ದು. ಅಮೃತಶಿಲೆಯ ಬೀದಿಯಲ್ಲಿ ಕೊರೆದ ಒಂದು ಎಡಪಾದದ ಫೋಟೋ. ಕೆಳಗೆ, 'ಇದು ಜಗತ್ತಿನ ಮೊಟ್ಟಮೊದಲ ಜಾಹೀರಾತು! ವೇಶ್ಯೆಯರ ಮನೆಗೆ ದಾರಿ ತೋರಿಸುತ್ತದೆ. ಗ್ರಂಥಾಲಯದಿಂದ ಅಲ್ಲಿಗೆ ಗುಟ್ಟಿನ ಸುರಂಗವೂ ಇತ್ತು!'

ಚಿಕ್ಕಪ್ಪ: ಲೈಬ್ರರಿಗೆ ಹೋಗಿ ಬರ್ತೀನಿ ಅನ್ನೋ ಗಂಡಸರನ್ನ ಆಗಲೂ ನಂಬೋ ಹಾಗಿರಲಿಲ್ಲ ನೋಡಿ 😂

ದೊಡ್ಡಪ್ಪ: ಗುಂಪಿನಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಹಾಕುವ ಮೊದಲು ಯೋಚನೆ ಮಾಡಬೇಕು. ನಮ್ಮ ಅಪ್ಪ ಇದ್ದಿದ್ದರೆ ಇಂಥದ್ದಕ್ಕೆಲ್ಲ ಜಾಗ ಇರುತ್ತಿರಲಿಲ್ಲ.

ಭಾವ: ಆಧಾರ ಏನು? ಗೈಡ್ ಹೇಳಿದ್ದು ಆಧಾರ ಆಗಲ್ಲ. ಆ ಪಾದ ಯಾವ ಕಾಲದಲ್ಲಿ ಕೊರೆದದ್ದು?

ಚಿಕ್ಕಪ್ಪ: ನೀವು ಮದುವೆ ಊಟಕ್ಕೂ ಆಧಾರ ಕೇಳೋರು, ಬಿಡಿ. ಅಣ್ಣಾ, ನೀವು ಬ್ಯಾಂಕಿನಲ್ಲಿದ್ದಾಗಲೂ ಇದೇ ಉಪದೇಶ. ಸ್ಕೂಟರ್ ಸಾಲ ಕೇಳಿದರೆ ಸೈಕಲ್ಲೇ ಸಾಕು ಅಂದಿರಿ. ನಾನು ಮರೆತಿಲ್ಲ.

ಇಲ್ಲಿಗೆ ಎಫೆಸಸ್ ಮುಗಿದು ಸ್ಕೂಟರ್ ಶುರುವಾಯಿತು. ನನಗೆ ತಡೆಯಲಾಗಲಿಲ್ಲ. ಹೋದ ಅಕ್ಟೋಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಅದೇ ಬೀದಿಯಲ್ಲಿ ನಡೆದವಳು ನಾನು. ಕೂತು ಬರೆದೆ.

ನಾನು: ಆ ಪಾದವನ್ನು ನಾವೂ ನೋಡಿದ್ದೇವೆ. ಪಕ್ಕದಲ್ಲಿ ಒಂದು ಹೆಣ್ಣಿನ ಮುಖ ಇದೆ. ಜಾಹೀರಾತು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಸುರಂಗದ್ದೂ ಅಷ್ಟೇ. ಆದರೆ ಆ ಗ್ರಂಥಾಲಯದ ನಿಜವಾದ ಕಥೆ ಇದಕ್ಕಿಂತ ದೊಡ್ಡದು. ಸೆಲ್ಸಸ್ ಅಂತ ರೋಮನ್ ಅಧಿಕಾರಿ. ಅವನು ಸತ್ತ ಮೇಲೆ ಮಗ ಅಕ್ವಿಲಾ ಅಪ್ಪನ ನೆನಪಿಗೆ ಅದನ್ನು ಕಟ್ಟಿಸಲು ಶುರುಮಾಡಿದ. ಅಪ್ಪನ ಸಮಾಧಿ ಕೆಳಗಿದೆ, ಪುಸ್ತಕಗಳು ಮೇಲಿದ್ದವು. ಸುಮಾರು 12,000 ಸುರುಳಿಗಳು ಇದ್ದವಂತೆ. ಕಟ್ಟಡ ಮುಗಿಯುವ ಮೊದಲೇ ಮಗನೂ ಹೋದ. ಆದರೆ ಅದರ ಖರ್ಚಿಗೆ ಅಂತ 25,000 ಡೆನಾರಿ, ಅಂದರೆ ರೋಮನ್ ಬೆಳ್ಳಿ ನಾಣ್ಯ, ಇಟ್ಟು ಹೋಗಿದ್ದ.

ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಓದುತ್ತಿದ್ದಾರೆ ಅಂದುಕೊಂಡೆ.

ಅತ್ತೆ: ನೀವು ಹೋದದ್ದು ಗೊತ್ತಮ್ಮ. ಎಲ್ಲರ ಮನೆಗೂ ದೃಷ್ಟಿಗೆ ಕಟ್ಟೋ ನೀಲಿ ಮಣಿ ಬಂತು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ನಾನೇನೂ ಕೇಳಿಲ್ಲ, ಸುಮ್ನೆ ಹೇಳಿದೆ.

ಅಕ್ಕನ ಮಗಳು: ಗ್ರೀಕ್ ಊರು ಟರ್ಕಿಯಲ್ಲಿ ಹೇಗಿದೆ ಚಿಕ್ಕಮ್ಮ?

ಪಾಪ, ಇಡೀ ಬೆಳಗಿನಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಆ ಕರಾವಳಿಯಲ್ಲಿ ಗ್ರೀಕರು ಬಂದು ಊರು ಕಟ್ಟಿದರು, ರೋಮನ್ನರು ಆಮೇಲೆ ಬಂದರು ಅಂತ ಬರೆದೆ. ಅದು ದೊಡ್ಡ ಬಂದರಾಗಿತ್ತು. ನದಿ ಹೂಳು ತಂದು ತಂದು ಬಂದರನ್ನೇ ಮುಚ್ಚಿತು. ಈಗ ಸಮುದ್ರ ಕೆಲವು ಕಿಲೋಮೀಟರ್ ದೂರ. ಸುಮಾರು 25,000 ಜನ ಕೂರುತ್ತಿದ್ದ ರಂಗಮಂದಿರದ ಮುಂದೆ ನಿಂತರೆ, ಬಂದರಿಗೆ ಹೋಗುತ್ತಿದ್ದ ನೇರ ದಾರಿ ಕಾಣುತ್ತದೆ. ಅದರ ತುದಿಯಲ್ಲಿ ನೀರೇ ಇಲ್ಲ.

ಅವಳಿಗೆ ಉತ್ತರ ಮುಟ್ಟುವ ಮೊದಲೇ ಶಿವಮೊಗ್ಗದ ಅಣ್ಣ ಬಂದ.

ಅಣ್ಣ: ಗೈಡ್ ಅಂದ್ರೆ ಬೇಲೂರಿನವನು! ತಾತ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಅಜ್ಜಿ ಕಟ್ಟಿಕೊಟ್ಟ ಪುಳಿಯೋಗರೆ, ಬಾಳೆ ಎಲೆ ವಾಸನೆ. ಗೈಡ್ ಜಕಣಾಚಾರಿ ಕಥೆ ಹೇಳಿದ. ಮಗ ಡಂಕಣ ವಿಗ್ರಹದಲ್ಲಿ ದೋಷ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಬಂದದ್ದು. ನಾನು ಅತ್ತುಬಿಟ್ಟಿದ್ದೆ.

ಭಾವ: ಬೇಲೂರಿನಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನೇ ಕೆತ್ತಿದ್ದಾರೆ. ದಾಸೋಜ, ಚಾವಣ. ಬಳ್ಳಿಗಾವೆಯವರು. ಜಕಣಾಚಾರಿ ಸಹಿ ಎಲ್ಲಿದೆ ತೋರಿಸಿ.

ದೊಡ್ಡಪ್ಪ: ಇನ್ನು ಜಕಣಾಚಾರಿಯನ್ನೂ ಬಿಡಲ್ಲವೋ?

ಆಮೇಲೆ ಮಧ್ಯಾಹ್ನದವರೆಗೂ ಜಕಣಾಚಾರಿ. ಭಾವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ದಾಸೋಜನ ಹೆಸರು ಹೇಳುವಾಗ ಅವರಿಗೆ ಇದ್ದದ್ದು ಗೆಲ್ಲುವ ಖುಷಿ. ಅಣ್ಣನಿಗೆ ಬೇಕಿದ್ದದ್ದು ತಾತ.

ಗೈಡ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. ನಮ್ಮ ಜೊತೆ ಬಂದವರು ಅಲ್ಲಿನ ಒಬ್ಬ ಹೆಂಗಸು. ಅಮ್ಮನಿಗೆ ಮಂಡಿ ನೋವು ಅಂತ ಗೊತ್ತಾದ ಕೂಡಲೇ ಮೇಲಿನ ಗೇಟಿನಿಂದ ಶುರುಮಾಡಿ ಇಳಿಜಾರಿನಲ್ಲೇ ಕರೆದುಕೊಂಡು ಹೋದರು. ಗ್ರೀಕ್ ದೇವತೆ ಆರ್ಟೆಮಿಸ್‌ಳ ದೇವಾಲಯದ ಜಾಗದಲ್ಲಿ ಈಗ ನಿಂತಿರುವುದು ಒಂದೇ ಕಂಬ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು ಅನ್ನಿಸಿಕೊಂಡಿದ್ದ ಜಾಗ ಅದು. ಅಲ್ಲಿ ಅವರು ಏನೂ ಹೇಳದೆ ನಮ್ಮನ್ನು ಸ್ವಲ್ಪ ಹೊತ್ತು ಬಿಟ್ಟರು. ಪಾದದ ಕಥೆ ಅವರೂ ಹೇಳಿದರು. 'ಇದು ನಾವು ಗೈಡ್‌ಗಳು ಹೇಳುವ ಕಥೆ' ಅಂತ ಸೇರಿಸಿಯೇ ಹೇಳಿದರು.

ಗ್ರಂಥಾಲಯದ ಮೆಟ್ಟಿಲ ಮೇಲೆ ಅಮ್ಮ ತುಂಬ ಹೊತ್ತು ಕೂತಿದ್ದಳು. ಈಗ ಕಾಣುವ ಅದರ ಮುಂಭಾಗ ಒಂದು ಕಾಲಕ್ಕೆ ಕುಸಿದು ಬಿದ್ದಿತ್ತು. 1970ರ ದಶಕದಲ್ಲಿ ಆಸ್ಟ್ರಿಯಾದವರು ಬಿದ್ದ ಕಲ್ಲುಗಳನ್ನೇ ಜೋಡಿಸಿ ಮತ್ತೆ ನಿಲ್ಲಿಸಿದರು. ಅಪ್ಪ-ಮಗನ ಕಥೆ ಕೇಳಿ ಅಮ್ಮ ಅಂದಳು, 'ನಿಮ್ಮಪ್ಪನ ಪುಸ್ತಕಗಳು ಇನ್ನೂ ಅಟ್ಟದ ಮೇಲೇ ಇವೆ, ಅಲ್ವಾ?'

ಇದನ್ನು ನಾನು ಗುಂಪಿನಲ್ಲಿ ಬರೆದಿರಲಿಲ್ಲ. ಆ ಭಾನುವಾರ ಅಮ್ಮನೇ ಬರೆದಳು. ಒಂದೇ ಸಾಲು, ಮೆಟ್ಟಿಲ ಮೇಲೆ ಕೂತ ಫೋಟೋ ಜೊತೆ. ಅದರ ಕೆಳಗೆ ಅತ್ತೆ, 'ಆ ಮಣಿ ಎಷ್ಟಾಯ್ತು ಹೇಳಿ, ದುಡ್ಡು ಕೊಡ್ತೀನಿ' ಅಂತ ಹಾಕಿದರು.

ಸಂಜೆ ದೊಡ್ಡಪ್ಪ ಫೋನ್ ಮಾಡಿದರು. ಗುಂಪಿನ ಮಾತೇ ಎತ್ತಲಿಲ್ಲ.

'ಆ ಹುಡುಗ ಇಟ್ಟ ದುಡ್ಡು, ಅಸಲು ಮುಟ್ಟದೆ ಬಡ್ಡಿಯಲ್ಲೇ ಪುಸ್ತಕ ಕೊಳ್ಳೋ ಲೆಕ್ಕವಾ?'

ಹೌದು, ಹಾಗಂತ ಅಲ್ಲಿನ ಶಾಸನದಲ್ಲಿದೆ ಅಂದೆ.

'ಒಳ್ಳೆಯ ಏರ್ಪಾಡು.' ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನಿಮ್ಮಪ್ಪನ ಪುಸ್ತಕ ಎಷ್ಟಿವೆ?'

ಎಣಿಸಿಲ್ಲ, ಎರಡು ಟ್ರಂಕು ಅಂದೆ.

'ಶನಿವಾರ ಬರ್ತೀನಿ. ಏಣಿ ಇದೆಯಾ ಮನೆಯಲ್ಲಿ?'