ಇಂಗ್ಲೆಂಡಿನಲ್ಲಿ ಕೌನ್ಸಿಲ್ ಪಾರ್ಕಿಂಗ್ ಟಿಕೆಟ್: ಕಟ್ಟಿಬಿಡಬೇಕಾ, ಪ್ರಶ್ನಿಸಬೇಕಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಶನಿವಾರ ಪೇಟೆ ತೋರಿಸೋಣ ಅಂತ ಕರೆದುಕೊಂಡು ಹೋಗಿ, ಒಂದು ಒಳರಸ್ತೆಯಲ್ಲಿ ಕಾರು ನಿಲ್ಲಿಸಿದ್ದೆವು. ವಾಪಸ್ ಬಂದರೆ ಗಾಜಿನ ಮೇಲೆ ಹಳದಿ ಲಕೋಟೆ. ಅದು ಅಲ್ಲಿನ ನಿವಾಸಿಗಳ ಪರ್ಮಿಟ್ ಜಾಗವಂತೆ. ಟಿಕೆಟ್ ಮೇಲೆ ತಪ್ಪಿನ ಕೋಡ್ 12, ದಂಡ 70 ಪೌಂಡ್, 14 ದಿನದೊಳಗೆ ಕಟ್ಟಿದರೆ 35. ಬೋರ್ಡ್ ಇರುವುದು ನಿಜ. ಆದರೆ ಮರದ ಕೊಂಬೆ ಅದನ್ನು ಪೂರ್ತಿ ಮುಚ್ಚಿದೆ, ರಸ್ತೆಯ ಬಿಳಿ ಗೆರೆಯೂ ಅಳಿಸಿಹೋಗಿದೆ. ನಮ್ಮ ಮನೆಯವರು "35 ಕಟ್ಟಿ ಸುಮ್ನೆ ಬಿಡೋಣ, ನಾಳೆ ವೀಸಾಗೆ ತೊಂದರೆ ಆದರೆ?" ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಯಾರಾದರೂ ಪ್ರಶ್ನಿಸಿ ಗೆದ್ದಿದ್ದೀರಾ? ಸೋತರೆ ಏನಾಗುತ್ತದೆ?

ಹಾಸನದಕ್ಕ

ತಂಗಿ, ಸದ್ಯಕ್ಕೆ ಕಟ್ಟಬೇಡ. ಕಟ್ಟಿದ ಕೂಡಲೇ ಕೇಸ್ ಮುಗಿದಂತೆ. ಆಮೇಲೆ ಎಷ್ಟು ಫೋಟೋ ತೋರಿಸಿದರೂ ಯಾರೂ ನೋಡುವುದಿಲ್ಲ.

ಆ ಅರ್ಧ ದರ ಇದೆಯಲ್ಲ, ಅದು ಕೈ ತಪ್ಪುತ್ತದೆ ಅಂತ ಹೆದರಿಯೇ ನಮ್ಮವರು ಬಹಳ ಜನ ಕಟ್ಟಿಬಿಡುತ್ತಾರೆ. ಆ 14 ದಿನದೊಳಗೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ವೆಬ್‌ಸೈಟಿನಲ್ಲೇ ಆಕ್ಷೇಪ ಹಾಕಬಹುದು. ಇದು ಮೊದಲ ಸುತ್ತು. ಅವರು ಒಪ್ಪದಿದ್ದರೂ ಸಾಮಾನ್ಯವಾಗಿ ಅರ್ಧ ದರಕ್ಕೆ ಮತ್ತೆ 14 ದಿನ ಕೊಡುತ್ತಾರೆ. ಸರ್ಕಾರದ ಮಾರ್ಗಸೂಚಿಯೂ ಹಾಗೇ ಮಾಡಿ ಅನ್ನುತ್ತದೆ. ಅಂದರೆ ಈ ಸುತ್ತಿನಲ್ಲಿ ಕೇಳಿ ನೋಡುವುದರಿಂದ ನಿನಗೆ ನಷ್ಟ ಇಲ್ಲ.

ಇನ್ನೊಂದು ವಿಷಯ. ಲಕೋಟೆ ಮೇಲೆ ಯಾರ ಹೆಸರಿದೆ ಅಂತ ಸರಿಯಾಗಿ ನೋಡು. ಕೌನ್ಸಿಲ್ ಕೊಡುವುದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಖಾಸಗಿ ಕಂಪನಿಗಳು ಕೊಡುವುದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡನ್ನೂ ಪಿಸಿಎನ್ ಅಂತಲೇ ಕರೆಯುತ್ತಾರೆ, ಆದರೆ ಕಾನೂನೂ ಬೇರೆ, ಅಪೀಲಿನ ದಾರಿಯೂ ಬೇರೆ. ನೀನು ಕೋಡ್ 12 ಅಂದಿದ್ದೀಯ, ಹಾಗಾಗಿ ಇದು ಕೌನ್ಸಿಲ್‌ನದ್ದೇ ಇರಬೇಕು. ಆದರೂ ಒಮ್ಮೆ ಖಾತ್ರಿ ಮಾಡಿಕೋ.

ನನ್ನ ಅನುಭವ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ರಸ್ತೆ ಕೆಲಸಕ್ಕೆ ಅಂತ ಕೆಲವು ಜಾಗಗಳನ್ನು ತಾತ್ಕಾಲಿಕವಾಗಿ ಬಂದ್ ಮಾಡಿದ್ದರು. ನಾನು ಕಾರು ನಿಲ್ಲಿಸಿದಾಗ ಬೋರ್ಡ್ ಇರಲೇ ಇಲ್ಲ. ನಿಲ್ಲಿಸಿದ ಮೇಲೆ ತಂದು ಹಾಕಿ, ಮಾರನೇ ದಿನ ಟಿಕೆಟ್ ಅಂಟಿಸಿದರು. ನಾನು ಬರೆದಿದ್ದು ಎರಡೇ ವಿಷಯ. ಕಾರು ಯಾವಾಗಿಂದ ಅಲ್ಲಿತ್ತು ಅನ್ನುವುದಕ್ಕೆ ಎದುರು ಮನೆಯವರ ಡೋರ್‌ಬೆಲ್ ಕ್ಯಾಮೆರಾದ ವಿಡಿಯೋ ಕೊಟ್ಟೆ. ಬೋರ್ಡ್ ಹಾಕಿದ ದಿನ ಮತ್ತು ಹೊತ್ತಿನ ದಾಖಲೆ ಕೊಡಿ ಅಂತ ಕೇಳಿದೆ. ಮೊದಲ ಸುತ್ತಿನಲ್ಲೇ ರದ್ದು ಮಾಡಿದರು. ಕಷ್ಟ ಸುಖ ಏನೂ ಬರೆಯಲಿಲ್ಲ.

ದಾವಣಗೆರೆ ಹುಡುಗಿ

ಅಕ್ಕಾ, ಥ್ಯಾಂಕ್ಸ್. ಕೌನ್ಸಿಲ್‌ನದ್ದೇ. ಆದರೆ ಅವತ್ತು ಮಳೆ, ಜೊತೆಗೆ ಅಮ್ಮನಿಗೆ ಸುಸ್ತು. ಫೋಟೋ ತೆಗೆದಿಲ್ಲ. ಈಗ ಹೋಗಿ ತೆಗೆದರೆ ನಡೆಯುತ್ತಾ?

ಹಾಸನದಕ್ಕ

ಖಂಡಿತ ನಡೆಯುತ್ತದೆ. ಇವತ್ತೇ ಹೋಗು, ಅವರು ಕೊಂಬೆ ಕಡಿಯುವ ಮುಂಚೆ. ಬೋರ್ಡಿನ ಹತ್ತಿರದ ಫೋಟೋ ಒಂದೇ ಸಾಲದು. ಡ್ರೈವರ್ ಸೀಟಿನಲ್ಲಿ ಕೂತು ಬರುವಾಗ ಏನು ಕಾಣುತ್ತದೆ, ಇಳಿದು ನಿಂತಾಗ ಏನು ಕಾಣುತ್ತದೆ, ಎರಡೂ ಬೇಕು. ಆ ಸಾಲಿನಲ್ಲಿ ಬೇರೆ ಬೋರ್ಡ್ ಎಷ್ಟು ದೂರದಲ್ಲಿದೆ ಅನ್ನುವುದನ್ನೂ ತೆಗೆ, ಯಾಕೆಂದರೆ "ಪಕ್ಕದಲ್ಲೇ ಇನ್ನೊಂದು ಇತ್ತಲ್ಲ" ಅಂತ ಅವರು ಹೇಳಬಹುದು. ಅಳಿಸಿದ ಗೆರೆಯ ಫೋಟೋ ಕೂಡ ಮರೆಯಬೇಡ.

ಆಮೇಲೆ ಪಿಸಿಎನ್ ನಂಬರ್ ಮತ್ತು ಕಾರಿನ ನಂಬರ್ ಹಾಕಿ ಕೌನ್ಸಿಲ್ ಸೈಟಿನಲ್ಲಿ ನೋಡು. ವಾರ್ಡನ್, ಅಂದರೆ ಟಿಕೆಟ್ ಹಾಕುವ ಸಿಬ್ಬಂದಿ, ತೆಗೆದ ಫೋಟೋಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಅವರ ಫೋಟೋದಲ್ಲೇ ಬೋರ್ಡ್ ಕಾಣದಿದ್ದರೆ ನಿನ್ನ ಕೆಲಸ ಅರ್ಧ ಆದಂತೆ. ಗೂಗಲ್ ಸ್ಟ್ರೀಟ್ ವ್ಯೂನಲ್ಲೂ ಆ ರಸ್ತೆ ನೋಡು. ಚಿತ್ರ ಯಾವ ತಿಂಗಳು, ಯಾವ ವರ್ಷದ್ದು ಅಂತ ಅದರಲ್ಲಿ ಇರುತ್ತದೆ. ಮರ ಹಳೆಯದು, ಕೊಂಬೆ ಕಡಿದಿಲ್ಲ ಅಂತ ತೋರಿಸಲು ಉಪಯೋಗ ಆಗುತ್ತದೆ.

ಉಡುಪಿಯವರು

ವೀಸಾ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಉತ್ತರ. ಕೌನ್ಸಿಲ್ ಪಾರ್ಕಿಂಗ್ ದಂಡ ಸಿವಿಲ್ ದಂಡ. ಅಪರಾಧದ ಲೆಕ್ಕಕ್ಕೆ ಬರುವುದಿಲ್ಲ, ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುವುದಿಲ್ಲ. ಅದನ್ನು ಪ್ರಶ್ನಿಸುವುದು ಕಾನೂನೇ ಕೊಟ್ಟಿರುವ ಹಕ್ಕು. ಪೊಲೀಸರಿಂದ ಸ್ಪೀಡಿಂಗ್ ನೋಟಿಸ್ ಬಂದರೆ ಕಥೆ ಬೇರೆ. ಅಲ್ಲಿ ಕಾರು ಓಡಿಸಿದ್ದು ಯಾರು ಅಂತ 28 ದಿನದೊಳಗೆ ತಿಳಿಸಲೇಬೇಕು, ಸುಮ್ಮನೆ ಕೂತರೆ ಅದೇ ಬೇರೆ ಅಪರಾಧ ಆಗುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಗಾಬರಿ ಆಗಬೇಡಿ.

ಧಾರವಾಡದವರು

ನಾನು ಟ್ರಿಬ್ಯೂನಲ್ ತನಕ ಹೋಗಿ ಗೆದ್ದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಜನ ಮೊದಲ ತಿರಸ್ಕಾರದ ಪತ್ರ ಬಂದ ಕೂಡಲೇ ಸೋತೆವು ಅಂದುಕೊಳ್ಳುತ್ತಾರೆ, ಅದು ನನಗೆ ಬಹಳ ಬೇಜಾರಿನ ವಿಷಯ.

ಮನೆ ಬದಲಾಯಿಸುವಾಗ ಬಾಡಿಗೆ ವ್ಯಾನನ್ನು ಮನೆ ಮುಂದಿನ ಡಬಲ್ ಯೆಲ್ಲೋ ಲೈನ್ ಮೇಲೆ ನಿಲ್ಲಿಸಿ ಸಾಮಾನು ಇಳಿಸುತ್ತಿದ್ದೆ. ವಾಷಿಂಗ್ ಮಷಿನ್ ಮೂರನೇ ಮಹಡಿಗೆ ಹೊತ್ತು ಕೆಳಗೆ ಬರುವಷ್ಟರಲ್ಲಿ ಟಿಕೆಟ್. ಡಬಲ್ ಯೆಲ್ಲೋ ಲೈನ್ ಅಂದರೆ ಅಲ್ಲಿ ಕಾರು ನಿಲ್ಲಿಸಿ ಹೋಗುವ ಹಾಗಿಲ್ಲ. ಆದರೆ ಭಾರದ ಸಾಮಾನು ಏರಿಸಲು ಇಳಿಸಲು ಸಾಮಾನ್ಯವಾಗಿ ಅವಕಾಶ ಇದೆ. ಫುಟ್‌ಪಾತಿನ ಅಂಚುಗಲ್ಲಿನ ಮೇಲೆ ಸಣ್ಣ ಹಳದಿ ಅಡ್ಡಗೆರೆಗಳಿದ್ದರೆ ಮಾತ್ರ ಅದಕ್ಕೂ ನಿರ್ಬಂಧ. ನಮ್ಮಲ್ಲಿ ಆ ಗೆರೆ ಇರಲಿಲ್ಲ.

ಮೊದಲ ಆಕ್ಷೇಪಕ್ಕೆ ಬಂದ ಉತ್ತರ ನೋಡಿದರೆ ನನ್ನ ಪತ್ರ ಓದಿದ ಲಕ್ಷಣವೇ ಇರಲಿಲ್ಲ. "ವಾರ್ಡನ್ ಐದು ನಿಮಿಷ ನೋಡಿದರು, ಯಾರೂ ಸಾಮಾನು ಇಳಿಸುವುದು ಕಾಣಲಿಲ್ಲ" ಅಷ್ಟೇ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಐದು ನಿಮಿಷದಲ್ಲಿ ಹೇಗೆ ಕಾಣಬೇಕು?

ಕಟ್ಟದೆ ಇದ್ದರೆ, ಟಿಕೆಟ್ ಕೊಟ್ಟು 28 ದಿನ ಆದ ಮೇಲೆ ವಾಹನದ ಮಾಲೀಕರಿಗೆ 'ನೋಟಿಸ್ ಟು ಓನರ್' ಬರುತ್ತದೆ. ವಿಧ್ಯುಕ್ತ ಆಕ್ಷೇಪ ಹಾಕಬೇಕಾದ ಜಾಗ ಇದು. 28 ದಿನ ಸಮಯ. ಕೌನ್ಸಿಲ್ ಅದಕ್ಕೆ 56 ದಿನದೊಳಗೆ ಉತ್ತರ ಕೊಡಲೇಬೇಕು, ಕೊಡದಿದ್ದರೆ ನಿಮ್ಮ ಆಕ್ಷೇಪ ಒಪ್ಪಿದಂತೆ, ಟಿಕೆಟ್ ರದ್ದು. ಅದಕ್ಕೇ ಕಳಿಸಿದ ದಿನದ ದಾಖಲೆ ಇಟ್ಟುಕೊಳ್ಳಿ. ಅವರು ಮತ್ತೆ ತಿರಸ್ಕರಿಸಿದರೆ ಆ ಪತ್ರದ ಜೊತೆಯೇ ಟ್ರಿಬ್ಯೂನಲ್‌ಗೆ ಹೋಗುವ ವಿವರ ಇರುತ್ತದೆ. ಅದಕ್ಕೂ 28 ದಿನ. ಲಂಡನ್ ಒಳಗಾದರೆ 'ಲಂಡನ್ ಟ್ರಿಬ್ಯೂನಲ್ಸ್', ಇಂಗ್ಲೆಂಡಿನ ಉಳಿದ ಕಡೆ ಮತ್ತು ವೇಲ್ಸ್‌ನಲ್ಲಿ 'ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್'. ಸ್ಕಾಟ್ಲೆಂಡ್ ವ್ಯವಸ್ಥೆಯೇ ಬೇರೆ.

ಟ್ರಿಬ್ಯೂನಲ್‌ಗೆ ಫೀಸ್ ಇಲ್ಲ. ವಕೀಲರು ಬೇಕಿಲ್ಲ. ತೀರ್ಪು ಕೊಡುವ ಅಡ್ಜುಡಿಕೇಟರ್ ಕೌನ್ಸಿಲ್‌ನ ನೌಕರರಲ್ಲ, ಕಾನೂನು ಓದಿದ ಸ್ವತಂತ್ರ ವ್ಯಕ್ತಿ. ನನ್ನ ವಿಚಾರಣೆ ಫೋನಿನಲ್ಲೇ ಆಯಿತು. ಹೆದರಿಸುವ ಮಾತು ಒಂದೂ ಇರಲಿಲ್ಲ. ಒಂದು ಸಲ ಮೇಲೆ ಹತ್ತಿ ಇಳಿಯಲು ಎಷ್ಟು ಹೊತ್ತು, ವ್ಯಾನಿನಲ್ಲಿ ಏನೇನಿತ್ತು, ಇಳಿಸಿದ ಮೇಲೆ ವ್ಯಾನ್ ತೆಗೆದಿರಾ ಅಂತ ಕೇಳಿದರು. ವ್ಯಾನಿನ ಬಾಡಿಗೆ ರಸೀದಿ, ಹೊಸ ಮನೆಯ ಕರಾರು, ಅಂಚುಗಲ್ಲಿನ ಫೋಟೋ ಮೊದಲೇ ಹಾಕಿದ್ದೆ. ದಂಡ ರದ್ದಾಯಿತು.

ಸೋತರೆ ಏನು ಅಂತ ಕೇಳಿದಿರಿ. ಟ್ರಿಬ್ಯೂನಲ್ ತನಕ ಹೋದರೆ ಅರ್ಧ ದರ ಸಿಗುವುದಿಲ್ಲ. ಸೋತರೆ ಪೂರ್ತಿ 70 ಕಟ್ಟಬೇಕು. ಅಂದರೆ ನೀವು ಪಣಕ್ಕಿಡುವುದು ಇನ್ನೊಂದು 35 ಪೌಂಡ್. ತೀರಾ ಅಸಂಬದ್ಧವಾಗಿ ನಡೆದುಕೊಂಡರೆ ಬಿಟ್ಟು, ಕೌನ್ಸಿಲ್ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ. ನಿಮ್ಮ ಕೇಸಿನಲ್ಲಿ ಫೋಟೋ ಚೆನ್ನಾಗಿ ಬಂದರೆ ನಾನಾಗಿದ್ದರೆ ಹೋಗುತ್ತಿದ್ದೆ.

ತುಮಕೂರು ಹುಡುಗ

ಇದನ್ನು ಸೇರಿಸಿ: ಇಂಗ್ಲೆಂಡಿನಲ್ಲಿ 2015ರಿಂದ 10 ನಿಮಿಷದ ರಿಯಾಯಿತಿ ಇದೆ. ದುಡ್ಡು ಕೊಟ್ಟು ನಿಲ್ಲಿಸಿದ ಅಥವಾ ಇಂತಿಷ್ಟು ಹೊತ್ತು ಉಚಿತ ಅಂತ ಇರುವ ಕೌನ್ಸಿಲ್ ಜಾಗಗಳಲ್ಲಿ, ಸಮಯ ಮುಗಿದು 10 ನಿಮಿಷ ಕಳೆಯುವ ತನಕ ಟಿಕೆಟ್ ಹಾಕುವ ಹಾಗಿಲ್ಲ. ನನ್ನ ಅಣ್ಣನಿಗೆ ಏಳು ನಿಮಿಷಕ್ಕೇ ಹಾಕಿದ್ದರು. ಆ್ಯಪಿನ ರಸೀದಿ ಕಳಿಸಿದ, ರದ್ದಾಯಿತು. ಹಳದಿ ಗೆರೆಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಬಳ್ಳಾರಿಯವರು

ಎಲ್ಲರೂ ಹೋರಾಡಿ ಅನ್ನುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಬೋರ್ಡ್ ಸ್ಪಷ್ಟವಾಗಿತ್ತು, ನೋಡಲಿಲ್ಲ ಅಂತಾದರೆ ಅರ್ಧ ದರದಲ್ಲೇ ಕಟ್ಟಿ. "ನನಗೆ ಗೊತ್ತಿರಲಿಲ್ಲ", "ಎರಡೇ ನಿಮಿಷ", "ಹೊಸದಾಗಿ ಬಂದಿದ್ದೇನೆ" ಅನ್ನುವುದಕ್ಕೆ ಬೆಲೆ ಇಲ್ಲ. ಶಾಲೆ ಹತ್ತಿರ, ಅಂಗವಿಕಲರ ಜಾಗದಲ್ಲಿ ನಿಲ್ಲಿಸಿ ವಾದ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ನಿಯಮ ಇರುವುದು ಮಕ್ಕಳಿಗಾಗಿ, ನಡೆಯಲಾಗದವರಿಗಾಗಿ. ದಾವಣಗೆರೆಯವರ ಕೇಸ್ ಹಾಗಲ್ಲ, ಅವರು ಕೇಳಲಿ.

ಧಾರವಾಡದವರು

ಬಳ್ಳಾರಿಯವರ ಮಾತು ಸರಿ. ಒಂದು ವಿಷಯ ಸೇರಿಸುತ್ತೇನೆ. ನಿಜವಾದ ಕಷ್ಟ ಇದ್ದರೆ, ಅಂದರೆ ದಾರಿಯಲ್ಲಿ ಆರೋಗ್ಯ ಕೆಟ್ಟಿತು, ಗಾಡಿ ಕೆಟ್ಟಿತು ಅಂತಾದರೆ, ಅದನ್ನು ಕೌನ್ಸಿಲ್‌ಗೇ ದಾಖಲೆ ಸಮೇತ ಬರೆಯಿರಿ. ಕನಿಕರದಿಂದ ರದ್ದು ಮಾಡುವ ಅಧಿಕಾರ ಅವರಿಗೆ ಯಾವ ಹಂತದಲ್ಲೂ ಇದೆ. ಅಡ್ಜುಡಿಕೇಟರ್‌ಗೆ ಆ ಅಧಿಕಾರ ಇಲ್ಲ. ನಿಯಮ ಮುರಿದದ್ದು ನಿಜವಾದರೆ, ಇನ್ನೊಮ್ಮೆ ಯೋಚಿಸಿ ಅಂತ ಕೌನ್ಸಿಲ್‌ಗೆ ಹೇಳಬಹುದು ಅಷ್ಟೇ.

ಮೈಸೂರು ನರ್ಸ್

ದಯವಿಟ್ಟು ಯಾರೂ ಪತ್ರ ಬಂದಾಗ ಸುಮ್ಮನೆ ಇರಬೇಡಿ. ನೋಟಿಸ್ ಟು ಓನರ್‌ಗೆ ಏನೂ ಮಾಡದಿದ್ದರೆ ದಂಡ ಅರ್ಧದಷ್ಟು ಏರುತ್ತದೆ, 70 ಇದ್ದದ್ದು 105 ಆಗುತ್ತದೆ. ಆಮೇಲೆ ನಾರ್ಥಾಂಪ್ಟನ್‌ನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರ್‌ನಲ್ಲಿ ಸಾಲ ಅಂತ ದಾಖಲಾಗುತ್ತದೆ. ಅದರ ನಂತರ ಬೇಲಿಫ್‌ಗಳು (ಸಾಲ ವಸೂಲಿ ಮಾಡುವವರು) ಬರುತ್ತಾರೆ, ಅವರ ಫೀಸ್ ಬೇರೆ.

ನನಗೆ ಆದದ್ದು ಹೀಗೆ. ಮನೆ ಬದಲಾಯಿಸಿ ಡಿವಿಎಲ್‌ಎಗೆ (ವಾಹನ ನೋಂದಣಿ, ಲೈಸೆನ್ಸ್ ನೋಡಿಕೊಳ್ಳುವ ಇಲಾಖೆ) ತಿಳಿಸಿದ್ದೆ, ಆದರೂ ನೋಟಿಸ್ ಹಳೆ ಮನೆಗೆ ಹೋಗಿತ್ತು. ನನ್ನ ಕೈಗೆ ಸಿಕ್ಕಿದ್ದು ನೇರ ಬೇಲಿಫ್ ಪತ್ರ. ರಾತ್ರಿ ಪಾಳಿ ಮುಗಿಸಿ ಬಂದು ಅದನ್ನು ಓದಿ ಅತ್ತುಬಿಟ್ಟಿದ್ದೆ. ಆಗ ಸಹೋದ್ಯೋಗಿ ಒಬ್ಬರು ಟಿಇ9 ಫಾರಂ ಬಗ್ಗೆ ಹೇಳಿದರು. "ನನಗೆ ನೋಟಿಸ್ ಟು ಓನರ್ ತಲುಪಿಲ್ಲ" ಅಂತ ಅದರಲ್ಲಿ ಹೇಳಿಕೆ ಕೊಡಬೇಕು. ಗಡುವು ಮೀರಿದ್ದರೆ ಜೊತೆಗೆ ಟಿಇ7, ಯಾಕೆ ತಡ ಆಯಿತು ಅಂತ. ಇದಕ್ಕೆ ಫೀಸ್ ಇಲ್ಲ. ಸುಳ್ಳು ಬರೆದರೆ ಮಾತ್ರ ಗಂಭೀರ ಅಪರಾಧ. ನನ್ನದು ಒಪ್ಪಿದರು. ಒಪ್ಪಿದರೆ ಟಿಕೆಟ್ ರದ್ದಾಗುವುದಿಲ್ಲ, ಏರಿದ ಮೊತ್ತ ಹೋಗಿ ಹಿಂದಿನ ಹಂತಕ್ಕೆ ಬರುತ್ತದೆ. ಅಲ್ಲಿಂದ ಆಕ್ಷೇಪ ಹಾಕಬಹುದು.

ಮನೆ ಬದಲಾಯಿಸಿದವರು ಕಾರಿನ ಲಾಗ್‌ಬುಕ್ (ನೋಂದಣಿ ಪತ್ರ) ವಿಳಾಸ ಮತ್ತು ಡ್ರೈವಿಂಗ್ ಲೈಸೆನ್ಸ್ ವಿಳಾಸ ಎರಡನ್ನೂ ಬದಲಾಯಿಸಿ. ಒಂದನ್ನು ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಕೌನ್ಸಿಲ್ ನೋಡುವುದು ಲಾಗ್‌ಬುಕ್ ವಿಳಾಸವನ್ನು.

ಕೋಲಾರದವರು

ಮಧ್ಯೆ ಬಂದೆ, ಕ್ಷಮಿಸಿ. ನನಗೆ ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಹೊತ್ತು ಮೀರಿತು ಅಂತ ಪೋಸ್ಟಿನಲ್ಲಿ ನೋಟಿಸ್ ಬಂದಿದೆ. ಅದಕ್ಕೂ ಇದೇ ದಾರಿಯಾ?

ಉಡುಪಿಯವರು

ಇಲ್ಲ ಸರ್, ಅದು ಖಾಸಗಿ. ಮೊದಲು ಅಂಗಡಿ ಬಿಲ್ ಹಿಡಿದು ಮ್ಯಾನೇಜರ್ ಹತ್ತಿರ ಹೋಗಿ. ಎಷ್ಟೋ ಸಲ ಅವರೇ ಕಂಪನಿಗೆ ಹೇಳಿ ತೆಗೆಸುತ್ತಾರೆ. ಆಗದಿದ್ದರೆ ಕಂಪನಿಗೆ ಅಪೀಲ್ ಮಾಡಿ. ಅವರು ತಿರಸ್ಕರಿಸಿದರೆ, ಕಂಪನಿ ಯಾವ ಸಂಘದ ಸದಸ್ಯ ಅನ್ನುವುದರ ಮೇಲೆ ಪೊಪ್ಲಾ ಅಥವಾ ಐಎಎಸ್ ಅನ್ನುವ ಖಾಸಗಿ ಪಾರ್ಕಿಂಗ್ ಅಪೀಲು ಸಂಸ್ಥೆಗೆ ಹೋಗಬೇಕು. ನೋಟಿಸ್ ತಲುಪಿದ ದಿನಾಂಕ ನೋಡಿ. ಕ್ಯಾಮೆರಾ ಮೂಲಕ ಹಿಡಿದದ್ದಾದರೆ, ಕಾರು ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರ ಮೇಲೆ ಹೊಣೆ ಹಾಕಲು 14 ದಿನದೊಳಗೆ ನೋಟಿಸ್ ತಲುಪಬೇಕು ಅಂತ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯಲ್ಲಿದೆ. ತಡವಾಗಿದ್ದರೆ ಅದನ್ನೇ ಬರೆಯಿರಿ, ಕಾರು ಓಡಿಸಿದ್ದು ಯಾರು ಅಂತ ನೀವಾಗಿ ಹೇಳಬೇಡಿ. ಇನ್ನು, ದಂಡ ಕಟ್ಟಿ ಅಂತ ಮೊಬೈಲಿಗೆ ಲಿಂಕ್ ಬಂದರೆ ಮುಟ್ಟಲೇಬೇಡಿ. ಅಂಥ ಮೋಸದ ಮೆಸೇಜ್ ಜಾಸ್ತಿ ಆಗಿವೆ.

ದಾವಣಗೆರೆ ಹುಡುಗಿ

ಫೋಟೋ ತೆಗೆದುಕೊಂಡು ಬಂದೆ. ಸೈಟಿನಲ್ಲೂ ನೋಡಿದೆ, ವಾರ್ಡನ್ ಫೋಟೋದಲ್ಲಿ ಕಂಬ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ! ಮನೆಯವರೂ ಒಪ್ಪಿದರು. ಪತ್ರದಲ್ಲಿ ಏನೇನು ಬರೆಯಲಿ?

ಹಾಸನದಕ್ಕ

ಒಂದು ಪುಟ ಸಾಕು. ಪಿಸಿಎನ್ ನಂಬರ್, ಕಾರಿನ ನಂಬರ್, ದಿನಾಂಕ, ರಸ್ತೆ ಹೆಸರು ಮೇಲೆ ಹಾಕು. ಮೊದಲ ಸಾಲಿನಲ್ಲೇ "ನಿಯಮ ಉಲ್ಲಂಘನೆ ಆಗಿಲ್ಲ, ಯಾಕೆಂದರೆ ನಿರ್ಬಂಧವನ್ನು ತಿಳಿಸುವ ಬೋರ್ಡ್ ಕಾಣುವ ಸ್ಥಿತಿಯಲ್ಲಿರಲಿಲ್ಲ" ಅಂತ ಹೇಳಿಬಿಡು. ಆಮೇಲೆ ಫೋಟೋಗಳಿಗೆ ನಂಬರ್ ಕೊಟ್ಟು, ಯಾವುದರಲ್ಲಿ ಏನಿದೆ ಅಂತ ಒಂದೊಂದು ಸಾಲು. "ನಿಮ್ಮ ವಾರ್ಡನ್ ಫೋಟೋದಲ್ಲೂ ಅಕ್ಷರ ಓದಲಾಗುವುದಿಲ್ಲ" ಅಂತ ತಪ್ಪದೇ ಬರೆ. ನಿರ್ಬಂಧದ ಮಾಹಿತಿ ರಸ್ತೆ ಬಳಸುವವರಿಗೆ ಸರಿಯಾಗಿ ಸಿಗುವಂತೆ ಬೋರ್ಡ್ ಹಾಕಿ ಕಾಪಾಡುವುದು ಕೌನ್ಸಿಲ್ ಕರ್ತವ್ಯ. 1996ರ ಟ್ರಾಫಿಕ್ ಆರ್ಡರ್ (ರಸ್ತೆ ನಿರ್ಬಂಧದ ಆದೇಶ) ನಿಯಮಗಳ 18ನೇ ನಿಯಮದಲ್ಲಿ ಇದೆ, ಅದನ್ನು ಹೆಸರಿಸು.

ಕೊನೆಗೆ, ಆ ಜಾಗದ ಟ್ರಾಫಿಕ್ ಆರ್ಡರ್ ಪ್ರತಿ ಮತ್ತು ಬೋರ್ಡನ್ನು ಕಳೆದ ಸಲ ಪರಿಶೀಲಿಸಿದ ದಾಖಲೆ ಕೊಡಿ ಅಂತ ಕೇಳು. ಅಪ್ಪ ಅಮ್ಮ ಬಂದಿದ್ದು, ಮಳೆ, ಸುಸ್ತು ಇದೆಲ್ಲ ಬೇಡ. "ಸಾರಿ" ಅಂತಲೂ ಬರೆಯಬೇಡ. ತಪ್ಪು ಒಪ್ಪಿಕೊಂಡ ಹಾಗೆ ಓದುತ್ತಾರೆ.

ಕಳಿಸುವ ಮುಂಚೆ ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆ. ತಲುಪಿದೆ ಅಂತ ಬರುವ ಇಮೇಲ್ ಜೋಪಾನವಾಗಿಡು. ಬಾರದಿದ್ದರೆ ಮಾರನೇ ದಿನವೇ ಫೋನ್ ಮಾಡಿ ಕೇಳು, 14 ದಿನ ಮುಗಿಯುವ ತನಕ ಕಾಯಬೇಡ.