ಜರ್ಮನ್ ಹೆಸರುಗಳ ಅರ್ಥ ಹುಡುಕುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಸ್ಟುಟ್‌ಗಾರ್ಟ್‌ಗೆ ಬಂದು ಆರು ತಿಂಗಳಾಯಿತು. ಸಹೋದ್ಯೋಗಿಗಳ ಹೆಸರಿನ ಅರ್ಥ ತಿಳಿಯುವ ಆಸೆ. ಆದರೆ ನಿಘಂಟಿನಲ್ಲಿ ‘ಹೇಬರ್ಲೆ’ ಸಿಗುವುದೇ ಇಲ್ಲ. ‘ಫ್ರೀಡ್ರಿಶ್’ ಅಂದರೆ ಶಾಂತಿ, ಶ್ರೀಮಂತ ಅಂತ ಬಿಡಿಸಿಕೊಂಡೆ. ಅದೂ ತಪ್ಪಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮನೆತನದ ಹೆಸರಾದರೆ ಮೊದಲು ಕಸುಬು ನೋಡಿ, ಆಮೇಲೆ ಸೀಮೆ ನೋಡಿ. ನಾನು ಹಾಗೇ ಕಲಿತದ್ದು. ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಮ್ಯೂಲರ್ ಅಂದರೆ ಹಿಟ್ಟಿನ ಗಿರಣಿಯವನು. ಶ್ಮಿಟ್ ಕಮ್ಮಾರ, ವೇಬರ್ ನೇಕಾರ. ಶುಲ್ಟ್ಸ್ ಹೆಚ್ಚುಕಮ್ಮಿ ನಮ್ಮ ಊರ ಪಟೇಲ. ಆದರೆ ಒಂದೇ ಕಸುಬಿಗೆ ಒಂದೊಂದು ಕಡೆ ಒಂದೊಂದು ಮಾತು. ಕುಂಬಾರ ಪೂರ್ವದಲ್ಲಿ ಟ್ಯೋಪ್ಫರ್, ದಕ್ಷಿಣದಲ್ಲಿ ಹಾಫ್ನರ್. ನಿಮ್ಮ ಹೇಬರ್ಲೆಯೂ ಹೀಗೇ. ಓಟ್ಸ್‌ಗೆ ಇವತ್ತಿನ ಜರ್ಮನ್‌ನಲ್ಲಿ ‘ಹಾಫರ್’ ಅನ್ನುತ್ತಾರೆ, ದಕ್ಷಿಣದವರು ‘ಹಾಬರ್’ ಅನ್ನುತ್ತಿದ್ದರು. ಕೊನೆಯ ‘ಲೆ’ ಸ್ವಾಬಿಯಾ, ಅಂದರೆ ನಿಮ್ಮ ಸ್ಟುಟ್‌ಗಾರ್ಟ್ ಸುತ್ತಲಿನ ಸೀಮೆಯವರ ಗುರುತು, ‘ಪುಟ್ಟ’ ಅನ್ನುವ ಹಾಗೆ. ಅದೇ ಉತ್ತರಕ್ಕೆ ಹೋದರೆ ಹಾನ್ಸೆನ್, ಪೇಟರ್‌ಸೆನ್. ಹಾನ್ಸನ ಮಗ, ಪೇಟರನ ಮಗ ಅಂತ.

ಇನ್ನೊಬ್ಬರು: ಮಗುವಿಗೆ ಇಡುವ ಹೆಸರುಗಳಿಗೆ ಇವತ್ತಿನ ಜರ್ಮನ್ ಇಟ್ಟುಕೊಂಡು ಹೋಗಲೇಬೇಡಿ. ಫ್ರೀಡ್ರಿಶ್‌ನ ‘ರಿಶ್’ ಹಳೆಯ ಮಾತು, ದೊರೆ ಅಂತ ಅರ್ಥ. ಹೈನ್ರಿಶ್‌ನಲ್ಲೂ ಅದೇ, ಮನೆಯ ಒಡೆಯ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಹಿಲ್ಡೆಗುಂಡ್ ಎಂಬ ಹೆಣ್ಣು ಹೆಸರಲ್ಲಿ ಎರಡು ತುಂಡಿಗೂ ಯುದ್ಧ ಅಂತಲೇ ಅರ್ಥ! ಎರಡೂ ಸೇರಿ ಒಂದು ವಾಕ್ಯ ಆಗಬೇಕು ಅಂತ ಅವರು ನೋಡುತ್ತಿರಲಿಲ್ಲ. ಮನೆಯವರ ಹೆಸರಿನಿಂದ ಒಂದು ತುಂಡು ತೆಗೆದು ಮಗುವಿನ ಹೆಸರಿಗೆ ಜೋಡಿಸುತ್ತಿದ್ದರು. ಹಳೆಯ ವೀರಗಾಥೆಯೊಂದರಲ್ಲಿ ಅಜ್ಜ ಹೆರಿಬ್ರಾಂಟ್, ಮಗ ಹಿಲ್ಟಿಬ್ರಾಂಟ್, ಮೊಮ್ಮಗ ಹಾದುಬ್ರಾಂಟ್. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಪೂರ್ತಿ ಇಡುತ್ತೇವೆ, ಅವರು ಅರ್ಧ ಇಟ್ಟರು ಅಷ್ಟೆ.

ಮಂಗಳೂರಿನಿಂದ: ನಮಗೆ ಆಪ್ತವಾದ ಒಂದು ಹೆಸರು ಸೇರಿಸುತ್ತೇನೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್. ‘ಕಿಟ್ಟೆಲ್’ ಅಂದರೆ ಕೆಲಸದವರು ತೊಡುವ ಸಡಿಲ ಮೇಲಂಗಿ. ಎಷ್ಟು ವರ್ಷ ಆ ನಿಘಂಟು ತಿರುವಿದರೂ ನನಗೆ ಇದು ಗೊತ್ತಿರಲಿಲ್ಲ.

ಮ್ಯೂನಿಕ್‌ನಿಂದ: ಮಗುವಿಗೆ ಹೆಸರಿಡುವವರಿಗೂ ಒಂದು ಮಾತು. ಅಲ್ಲಿ ಹೆಸರನ್ನು ನೋಂದಣಿ ಕಚೇರಿ ಒಪ್ಪಬೇಕು. ನಮ್ಮ ಮಗಳ ಹೆಸರಿಗೆ ‘ಇದು ಹುಡುಗಿಯ ಹೆಸರೇ?’ ಅಂತ ಕೇಳಿದರು. ನಾವು ‘ಕಿರಣ್’ ತೀರ್ಪಿನ ವಿಷಯ ಹೇಳಿದೆವು. ಹೆಣ್ಣುಮಗುವಿಗೆ ಕಿರಣ್ ಅಂತ ಇಡಬಹುದು ಅಂತ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ 2008ರಲ್ಲಿ ಹೇಳಿದೆ. ಹೆಸರಿನಿಂದಲೇ ಗಂಡೋ ಹೆಣ್ಣೋ ಗೊತ್ತಾಗಬೇಕು ಅನ್ನುವ ಕಡ್ಡಾಯ ಇಲ್ಲ, ಮಗುವಿಗೆ ತೊಂದರೆ ಆಗಬಾರದು ಅಷ್ಟೆ. ಕೆಲಸ ಸಲೀಸಾಯಿತು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಊಟದ ಹೊತ್ತಿಗೆ ಹೇಬರ್ಲೆ ಅವರನ್ನೇ ಕೇಳಿದೆ. ಅವರ ಅಜ್ಜ ಸ್ವಾಬಿಯಾದವರು, ಹೊಲದಲ್ಲಿ ಓಟ್ಸ್ ಬೆಳೆಯುತ್ತಿದ್ದರಂತೆ. ಹಳ್ಳಿಯ ಫೋಟೋ ತೋರಿಸುತ್ತಾ ಅರ್ಧ ಗಂಟೆ ಮಾತಾಡಿದರು.